ಹಗೇವಿನ ಮ್ಯಾಲಿನ ಗಟಾರ

ಹೋದ ತಿಂಗಳ ತಂಗಿ ಮಗಳ ಮನಿ ವಾಸ್ತುಶಾಂತಿಗಂತ ಊರಿಗಿ ಹೋಗಿದ್ದೆ. ಊರ ಅಗಸಿ ಬಾಗಲ ದಾಟಿ ನಮ್ಮ ಹಳೆ ಓಣಿಗಿ ಹೊಳ್ಳಿದ್ರ ಅಲ್ಲಿ ಜೆಸಿಬಿ ನಿಂತಿತ್ತು. ಒಳಚರಂಡಿ ಕೆಲಸ ಅಂತ. ಅದು ಹಲ್ಲು ಊರಿ ಒಮ್ಮೆ ಎಳೀತು ನೋಡ್ರಿ, ನೆಲ ಬಾಯಿ ಬಿಡ್ತು, ಆ ತೂತಿನಾಗಿಂದ ಒಂದು ವಾಸನಿ ಎದ್ದು ಬಂತು. ಎಂಜಿನಿಯರ್ ಹುಡುಗ ಮೂಗಿಗಿ ಕರ್ಚೀಪ ಹಿಡಕೊಂಡು, "ಏನ್ ಗಬ್ಬುರಿ ಇದು, ಹಳೆ ಪಾಯಖಾನಿ ಏನ್ರಿ?" ಅಂದ. ಪಾಯಖಾನಿ ಅಲ್ಲಪಾ, ಅದು ಜ್ವಾಳ. ನೀರು ಕುಡದು ಕೊಳತ ಜ್ವಾಳ. ಇಷ್ಟು ವರ್ಷ ಆತು, ಇನ್ನೂ ಹೋಗಿಲ್ಲ ಆ ನಾತ. ನಾ ಅಲ್ಲೇ ಒಬ್ಬರ ಕಟ್ಟಿ ಮ್ಯಾಲ ಕುಂತುಬಿಟ್ಟೆ. ತಂಗಿ ಮಗಳು ಅಂಜಿ, "ದೊಡ್ಡವ್ವ, ತಲಿ ತಿರಗಾಕತ್ತೈತೇನು?" ಅಂತ ಕೇಳಿದ್ಳು. ತಲಿ ತಿರುಗಿರಲಿಲ್ಲ, ಸಿಟ್ಟು ಬಂದಿತ್ತು. ಆಗಿನ ಸಿಟ್ಟೇ, ಒಂದು ಚೂರೂ ಕಡಿಮಿ ಆಗಿರಲಿಲ್ಲ.

ಊರ ಹೆಸರು ನಾ ಹೇಳಂಗಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಕರ ಸೀಮ್ಯಾಗ ಎಲ್ಲೋ ಒಂದು ಕಡೆ ಅಂತ ತಿಳಕೊಳ್ರಿ, ಸಾಕು. ಹೆಸರು ಬರದ್ರ ನಾಳೆ ಯಾರರ ಮೊಮ್ಮಗ ಫೋನ್ ಮಾಡಿ, "ಆಯಿ, ನಮ್ಮ ಅಜ್ಜನ ಮಾನ ಯಾಕ ತಗದ್ರಿ" ಅಂತ ಜೀವ ತಿಂತಾನ. ಹಂಗ ನೋಡಿದ್ರ ಎಪ್ಪತ್ತರ ದಶಕದಾಗ ಈ ಎಲ್ಲಾ ಊರೂ ಒಂದೇ ನಮೂನಿ ಇದ್ದವು. ಹಳ್ಳಿ ಅನ್ನಾಕ ದೊಡ್ಡವು, ಪ್ಯಾಟಿ ಅನ್ನಾಕ ಸಣ್ಣವು. ಬಸ್ ಸ್ಟ್ಯಾಂಡ್ ಆತು, ಕಾಲೇಜು ಬಂತು, ಬಂಡಿ ಹಾಯೂ ಓಣ್ಯಾಗ ಲಾರಿ ನುಗ್ಗಾಕ ಹತ್ತಿದವು. ಮನಗೂಳಿ, ನಿಡಗುಂದಿ ಕಡೆಯಿಂದೆಲ್ಲಾ ಮಂದಿ ಬಂದು ಪ್ಲಾಟು ಕೇಳಾಕತ್ತಿದ್ರು. ಊರು ಬೆಳ್ಯಾಕತ್ತೈತಿ ಅಂತ ಎಲ್ಲಾರಿಗೂ ಹೆಮ್ಮಿ. ಎತ್ತಾಗ ಬೆಳೀಬೇಕು, ಹ್ಯಾಂಗ ಬೆಳೀಬೇಕು ಅಂತ ಕೇಳೂ ಒಬ್ಬ ಮಗ ಇರಲಿಲ್ಲ.

ಅದೇ ಹೊತ್ತಿನಾಗ ನಾ ಮುನ್ಸಿಪಾಲ್ಟಿ ಮೆಂಬರ್ ಆದೆ. ಆಗಬೇಕಂತ ಆದದ್ದಲ್ಲ. ಹೆಣ್ಮಕ್ಕಳಿಗಂತ ಒಂದು ಸೀಟು ಇತ್ತು, ಏಳನೇತ್ತ ತನ ಸಾಲಿ ಕಲಿತ ಸೊಸಿ ಓಣ್ಯಾಗ ನಾ ಒಬ್ಬಾಕಿನ ಇದ್ದೆ. "ಸಹಿ ಮಾಡಾಕ ಬರ್ತೈತಿ, ಸಾಕು, ಕುಂದರಿಸ್ರಿ" ಅಂದ್ರು. ನಮ್ಮ ಮನಿಯವರದು ಕಿರಾಣಿ ಅಂಗಡಿ. ಅವರು ನಗುತ್ತ, "ಹೋಗಿ ಚಾ ಕುಡದು ಬಾ, ಊರ ಉಸಾಬರಿ ತಲಿಗಿ ಹಚ್ಕೊಬ್ಯಾಡ" ಅಂತ ಹೇಳಿ ಕಳಿಸಿದ್ರು. ಮೊದಲ ಮೀಟಿಂಗಿನ್ಯಾಗ ಅಧ್ಯಕ್ಷರೂ ಅದನ್ನ ಹೇಳಿದ್ರು, ಶಬ್ದ ಅಷ್ಟ ಬ್ಯಾರೆ. "ಅಕ್ಕಾರು ಬಂದದ್ದು ಸಭಾಕ್ಕ ಶೋಭಾ" ಅಂದ್ರು. ಹೂವಿನ ಕುಂಡಕ್ಕ ಅನ್ನೂ ಮಾತು ಅದು. ನನಗ ಮೈ ಉರೀತು.

ನಮ್ಮ ಓಣಿ ತ್ರಾಸು ಏನಂದ್ರ ನೀರು. ನೀರಿಲ್ಲ ಅಂತ ಅಲ್ಲ, ನೀರು ಬಂತು ಅಂತ. ಹಿಂದಿನ ವರ್ಷ ನಳ ಕೂಡಿಸಿದ್ರು. ದೇವರ ಬಂದಂಗ ಆತು ಹೆಣ್ಮಕ್ಕಳಿಗಿ, ಬಾವಿಗಿ ಹಗ್ಗ ಬಿಡೂದು ತಪ್ಪಿತು. ಆದ್ರ ತಂದ ನೀರು ಎಲ್ಲಿಗಿ ಹೋಗಬೇಕು? ಅದನ್ನ ಯಾರೂ ವಿಚಾರ ಮಾಡಿರಲಿಲ್ಲ. ಮನಿಮನಿ ಬಚ್ಚಲ ನೀರು ಓಣ್ಯಾಗ ಬಂದು ನಿಂತು, ಎರಿ ಮಣ್ಣು ಅದನ್ನ ಕುಡದು, ಮೊಣಕಾಲ ತನ ರಾಡಿ. ಹಂದಿ ಹೊರಳ್ಯಾಡೋವು, ಸೊಳ್ಳಿ ಅಂತೀರಲ್ಲ, ಆ ಗುಂಗಾಡ ಅಂದ್ರ ಗುಂಗಾಡ. ಆ ವರ್ಷ ಮನಿಗೊಬ್ಬರಿಗಿ ಚಳಿಜ್ವರ. ನಮ್ಮ ಬಾಜೂ ಮನಿ ನೀಲವ್ವನ ಸಣ್ಣ ಮಗ ಜ್ವರ ಏರಿ ಕಣ್ಣು ಮ್ಯಾಲ ಮಾಡಿ, ಅಂತೂ ಬದಕಿದ. ಆವತ್ತು ಆಕಿ ನನ್ನ ಕೈ ಹಿಡಕೊಂಡು, "ಗಂಗಕ್ಕ, ಮೆಂಬರ್ ಆಗೀದಿ, ಬ್ಯಾರೆ ಏನೂ ಬ್ಯಾಡ, ಒಂದು ಗಟಾರ ಮಾಡಿಸಿಕೊಡು ನಮಗ" ಅಂದ್ಳು. "ಮಾಡಿಸ್ತೇನಿ" ಅಂತ ಮಾತು ಕೊಟ್ಟೆ.

ಅದಾದ ಮ್ಯಾಲಿನ ಮೀಟಿಂಗ್‌ನ್ಯಾಗ ಎದ್ದು ನಿಂತೆ ನೋಡ್ರಿ, ಮುಂದಿನ ಮೀಟಿಂಗ್‌ನ್ಯಾಗೂ ನಿಂತೆ, ಅದರ ಮುಂದಿಂದಕ್ಕೂ. ಚಾ ಬಂದ್ರ ಗಟಾರ ಅಂತಿದ್ದೆ, ಅವಲಕ್ಕಿ ಬಂದ್ರ ಗಟಾರ ಅಂತಿದ್ದೆ. "ಅಕ್ಕಾರಿಗಿ ಗಟಾರದ ಹುಚ್ಚು ಹಿಡದೈತಿ" ಅಂತ ನಕ್ಕರು. ನಗಲಿ ಅಂದೆ. ಕಡೀಕ ನನ್ನ ಕಾಟ ತಾಳಲಾರದ ಠರಾವು ಪಾಸು ಮಾಡಿದ್ರು, ಬಿಜಾಪುರದಿಂದ ಮಂಜೂರಿನೂ ಬಂತು. ಆ ದಿನ ನಮ್ಮ ಅತ್ತಿ ಹೋಳಿಗಿ ಮಾಡಿದ್ರು. ಸೊಸಿ ಹೊರಗ ಹೋಗೂದು ಕಂಡ್ರ ಆಗದ ನಮ್ಮ ಅತ್ತಿ! ಓಣಿ ಹೆಣ್ಮಕ್ಕಳು ಬಂದು ನನ್ನ ಗಲ್ಲ ಹಿಡದು ಮಾತಾಡಿಸಿದ್ರು. ನಾನೂ ಉಬ್ಬಿದ್ದೆ, ಸುಳ್ಳು ಯಾಕ ಹೇಳಲಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಮುಂದ ಆದದ್ದು ಹಂಗ. ಆದ್ರ ಪೂಜಾರಿ ಒಬ್ಬನ ಅಲ್ಲ, ಭಕ್ತರೂ ಕೈ ಕೂಡಿಸಿದ್ರು.

ಹಗೇವು ಅಂದ್ರ ಈಗಿನವರಿಗಿ ಗೊತ್ತಿಲ್ಲ. ನೆಲದಾಗ ತೋಡಿದ ಜ್ವಾಳದ ಕಣಜ ಅದು. ಬಾಯಿ ಸಣ್ಣದು, ಒಬ್ಬ ಆಳು ಇಳಿಯೂವಷ್ಟು. ಹೊಟ್ಟಿ ದೊಡ್ಡದು, ನೆಲದ ಒಳಗ ಎಲ್ಲಿ ತನ ಹೋಗೇತಿ ಅಂತ ಮ್ಯಾಲಿನವರಿಗಿ ತಿಳಿಯಂಗಿಲ್ಲ. ಸುತ್ತ ಒಣ ಕಣಕಿ ದಂಟು ಇಟ್ಟು, ಜ್ವಾಳ ಸುರುವಿ, ಮ್ಯಾಲ ಕಲ್ಲು ಮುಚ್ಚಿ ಮಣ್ಣು ಬಡದುಬಿಟ್ರ ಎಷ್ಟು ವರ್ಷ ಆದರೂ ಕೆಡಂಗಿಲ್ಲ. ನೀರು ಒಂದು ತಾಕಬಾರದು, ಅಷ್ಟ. ನಮ್ಮ ಓಣ್ಯಾಗ ಎರಡೂ ಬದಿಗಿ ಮನಿಗೊಂದು ಹಗೇವು. ಬಾಯಿ ಮನಿ ಕಟ್ಟಿ ಕೆಳಗ, ಹೊಟ್ಟಿ ಓಣಿ ಕೆಳಗ. ಮಂದಿ ಅದರ ಮ್ಯಾಲ ಅಡ್ಡಾಡ್ತಿದ್ರು, ಹುಡುಗ್ರು ಚಿಣಿಫಣಿ ಆಡ್ತಿದ್ವು. ಯಾರದು ಎಲ್ಲಿ ಐತಿ ಅಂತ ಓಣಿಗೆಲ್ಲಾ ಗೊತ್ತು, ಹೊರಗಿನವರ ಮುಂದ ಯಾರೂ ಬಾಯಿ ಬಿಡಂಗಿಲ್ಲ. ತವರುಮನಿಗಿ ಹೋದ ಸೊಸಿ ಸೈತ ಗಂಡನ ಮನಿ ಹಗೇವಿನ ಮಾತು ಎತ್ತಂಗಿಲ್ಲ. ಹಂಗ ನಡಕೊಂಡು ಬಂದಿತ್ತು.

ಎಪ್ಪತ್ತೆರಡರ ಬರ ನೋಡಿ ಬಂದ ಮಂದಿ ಅದು. ಒಂದು ಸುಗ್ಗಿ ಬಂದ್ರ ಎರಡು ವರ್ಷಕ್ಕ ಸಾಕಾಗುವಷ್ಟು ನೆಲಕ್ಕ ಇಳಿಸಿಬಿಡ್ತಿದ್ರು. ನೀಲವ್ವ ಹಿರಿ ಮಗಳು ಕಸ್ತೂರಿ ಲಗ್ನಾನೂ ಆ ಜ್ವಾಳದ ಮ್ಯಾಲ ಇಟ್ಟಿದ್ಳು. ಒಂದಿಷ್ಟು ಮಾರಿ ಸೀರಿ, ಬಾಂಡೆ ತರೂದು, ಉಳಿದದ್ದರಾಗ ಬೀಗರಿಗಿ ಊಟ ಹಾಕೂದು. ಯಂಕಂಚಿ ಕಡೆ ವರ ನೋಡಿ ಗಟ್ಟಿ ಮಾಡಿದ್ರು. "ಹಗೇವಿನಾಗ ಐತಿ, ನನಗೇನ ಚಿಂತಿ" ಅಂತಿದ್ಳು ನೀಲವ್ವ, ನಕ್ಕೋತ.

ಅಂಥಾದ್ರಾಗ ಸರಕಾರದ್ದು ಲೆವಿ ಬಂತು. ಬೆಳೆದ ಜ್ವಾಳದಾಗ ಇಂತಿಷ್ಟು ಸರಕಾರಕ್ಕ ಕೊಡಬೇಕು, ಅವರು ಹೇಳಿದ ದರಕ್ಕ. ದರ ಬಾಜಾರಕ್ಕಿಂತ ಭಾಳ ಕಡಿಮಿ. ಮಂದಿ ಮುಚ್ಚಿಟ್ರು, ಅಧಿಕಾರಿಗಳು ಹುಡಕ್ಯಾಡಿದ್ರು. ಸುಗ್ಗಿ ಮುಗೀತಿದ್ದಂಗ ತಾಲೂಕ ಆಫೀಸಿನ ಜೀಪು ಓಣಿ ಓಣಿಗಿ ಬಂತು. ಕಬ್ಬಿಣದ ಸಲಾಕಿ ಹಿಡಕೊಂಡು ಇಳದು, ಅಂಗಳ ಚುಚ್ಚಿ ಚುಚ್ಚಿ ನೋಡಿದ್ರು. ದನದ ಕೊಟಗಿ ಅಗದ್ರು. ಎದುರಿನ ಮನಿ ಮುದುಕನ್ನ ಹಾಸಿಗಿಯಿಂದ ಎಬ್ಬಿಸಿ ಹಾಸಿಗಿ ಕೆಳಗ ಸಲಾಕಿ ಹಾಕಿದ್ರು. ನಮ್ಮ ಓಣ್ಯಾಗ ಏನೂ ಸಿಗಲಿಲ್ಲ ಅವರಿಗಿ. ಓಣಿ ಅಂಜಿಕ್ಯಾಗೂ ಒಳಗೊಳಗ ನಕ್ಕಿತ್ತು.

ಅದಾಗಿ ಇನ್ನೂ ಎರಡು ತಿಂಗಳೂ ಕಳದಿರಲಿಲ್ಲ, ಅದೇ ಜೀಪು ಮತ್ತ ಬಂತು. ಇಳದವ ಗಟಾರದ ಓವರ್ಸೀಯರ್! ಮುನ್ಸಿಪಾಲ್ಟಿಗಿ ಗಾಡಿ ಇಲ್ಲಂತ ತಾಲೂಕ ಆಫೀಸಿನ ಜೀಪು ಕೇಳಿ ತಗೊಂಡಿದ್ರು. ಜೀಪು ಅದ, ಡ್ರೈವರ್ ಅವನ, ಮ್ಯಾಲ ಇವನ ಕೈಯಾಗೂ ಒಂದು ಸಲಾಕಿ, ನೆಲದ ಗಟ್ಟಿ ನೋಡಾಕ. ನಾ ದೂರದಿಂದ ನೋಡಿ ಹಣಿ ಹಣಿ ಬಡಕೊಂಡೆ.

ಓವರ್ಸೀಯರ್ ಮೈಸೂರು ಕಡೆ ಹುಡುಗ. ಪಾಪ, ಕೆಲಸದಾಗ ಪ್ರಾಮಾಣಿಕ. ಹಗ್ಗ ಹಿಡಿಸಿ, ಸುಣ್ಣದ ಗೆರಿ ಎಳದು, ಒಂದೊಂದು ಮನಿ ಮುಂದ ನಿಂತು ಕೇಳಿದ. "ಇಲ್ಲಿ ನೆಲದ ಕೆಳಗೆ ಏನಾದರೂ ಇದೆಯಾ? ಗುಂಡಿ, ಹಳೇ ಬಾವಿ, ಏನಾದರೂ?"

"ಏನಿಲ್ರಿ."

"ಹಗೇವು ಅಂತಾರಂತಲ್ಲ, ಅದು?"

"ಅಯ್ಯ, ಎಲ್ಲೀ ಹಗೇವ್ರಿ ಸಾಹೇಬ್ರ, ಅಜ್ಜನ ಕಾಲದಾಗ ಇದ್ದವು. ಈಗ ಉಣ್ಣಾಕ ಜ್ವಾಳಿಲ್ಲ, ಹಗೇವಿನಾಗ ಏನ ಹಾಕೂದ್ರಿ?"

ಮನಿ ಮನಿಗೂ ಇದ ಉತ್ತರ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡಂಗ, ಒಬ್ಬಾಕಿ ಮಾತು ಮುಗಿಯೂಕಿಂತ ಮೊದಲ ಕಾಲಿಲೆ ಕಟ್ಟಿ ಬುಡಕ ಮಣ್ಣು ಸರಿಸಾಕತ್ತಿದ್ಳು. ಅವನಿಗಿ ಅದೂ ತಿಳಿಲಿಲ್ಲ. ನೀಲವ್ವನ್ನ ಕೇಳಿದ, ಆಕಿನೂ ತಲಿ ಅಲ್ಲಾಡಿಸಿದ್ಳು. ನಮ್ಮ ಅತ್ತಿನ್ನ ಕೇಳಿದ, ಅವರಂತೂ ಹಗೇವು ಅನ್ನೂ ಶಬ್ದಾನ ಮೊದಲ ಸಲ ಕೇಳಿದಾರಂಗ ಮಾರಿ ಮಾಡಿದ್ರು. ಸುಣ್ಣದ ಗೆರಿ ಸೀದಾ ಹಗೇವಿನ ಹೊಟ್ಟಿಗೋಳ ಮ್ಯಾಲ ಹಾದು ಹಳ್ಳದ ಕಡೆ ಹೋತು.

ಅವ ಹೋದ ಮ್ಯಾಲ ನಾ ನೀಲವ್ವನ ಮನಿಗಿ ಓಡಿ ಹೋದೆ. ಆಕಿ ರೊಟ್ಟಿ ಬಡ್ಯಾಕತ್ತಿದ್ಳು.

"ಹುಚ್ಚಿ, ಗಟಾರ ನಿನ್ನ ಹಗೇವಿನ ಮ್ಯಾಲ ಹೊಂಟೈತಲ್ಲ, ಇಲ್ಲ ಅಂತ ಯಾಕ ಹೇಳಿದಿ?"

"ಮತ್ತೇನ, ಐತಿ ಬರ್ರಿ, ತುಂಬಕೊಂಡು ಹೋಗ್ರಿ ಅನ್ನಬೇಕಿತ್ತೇನು?"

"ಅವ ಲೆವಿಯವ ಅಲ್ಲ, ಗಟಾರದವ."

"ಬಂದದ್ದು ಯಾ ಜೀಪಿನ್ಯಾಗ?"

"ನೀಲವ್ವ, ನೀರು ಇಳದ್ರ ಹೆಂಗ?" ಅಂದೆ.

"ಫರಸಿ ಕಲ್ಲಿನ ಗಟಾರ ಅಂತಲ್ಲ. ಕಲ್ಲು ದಾಟಿ ನೀರು ಹ್ಯಾಂಗ ಇಳೀತೈತಿ? ನೀ ಸುಮ್ಕಿರು." ಅಂದಾಕಿನ, ಹಂಚಿನ ಮ್ಯಾಲಿನ ಬಿಸಿ ರೊಟ್ಟಿ ತಗದು ನನ್ನ ಕೈಯಾಗ ಇಟ್ಳು. "ನಮ್ಮ ಹಗೇವು ಎಲ್ಲೈತಿ ಅಂತ ಯಾರ ಮುಂದೂ ಹೇಳಂಗಿಲ್ಲ ಅಂತ ಈ ರೊಟ್ಟಿ ಮುಟ್ಟಿ ಆಣಿ ಮಾಡು. ನನ್ನ ಕಸ್ತೂರಿ ಲಗ್ನ ಐತಿ ಅದರಾಗ."

ಅನ್ನ ಮುಟ್ಟಿ ಮಾಡಿದ ಆಣಿ. ಕೈ ಸುಟ್ಟಿತ್ತು, ಮಾಡಿದೆ. ಅಲ್ಲಿಂದ ಒಂದೊಂದ ಮನಿಗಿ ಹೋದೆ, ಎಲ್ಲಾರೂ ಅದನ್ನ ಹೇಳಿದ್ರು, ಆಣಿ ಒಂದು ಹಾಕಿಸಲಿಲ್ಲ ಅಷ್ಟ. ಹಂಗಾರ ಮೊದಲ ಹಗೇವು ಬರಿದು ಮಾಡ್ಕೊಳ್ರಿ ಅಂದ್ರ, "ಹಗಲಾಗ ಚೀಲ ತಗದ್ರ ಜೀಪು ಬರ್ತೈತಿ, ರಾತ್ರಿ ತಗದು ಎಲ್ಲಿ ಮುಚ್ಚಿಡೂದು?" ಅಂದ್ರು. ಬಿಸಿ ತುಪ್ಪ, ನುಂಗೂಹಂಗೂ ಇಲ್ಲ ಉಗುಳೂಹಂಗೂ ಇಲ್ಲ.

ನನಗ ಕಂಡದ್ದು ಒಂದ ದಾರಿ. ಗಟಾರ ನಮ್ಮ ಓಣಿ ಬಿಟ್ಟು ಮನಿಗೋಳ ಹಿಂದಿನ ಬಯಲಾಗ ಹೋಗಬೇಕು. ಅಲ್ಲಿ ಒಂದೂ ಹಗೇವಿಲ್ಲ, ಇಳಕಲನೂ ಚೊಲೋ ಇತ್ತು, ಬಚ್ಚಲ ಮಾರಿ ಅತ್ತಾಗ ತಿರುವಿದ್ರ ಆತು. ಯಾರು ನೋಡಿದ್ರೂ ಅಲ್ಲೇ ಮಾಡಬೇಕಾದ ಗಟಾರ ಅದು. ಮೀಟಿಂಗ್‌ನ್ಯಾಗ ಹೇಳಿದೆ. ಅಧ್ಯಕ್ಷರ ಮಾರಿ ಸಣ್ಣಗಾತು. ಯಾಕಂದ್ರ ಹಿಂದಿನ ಬಯಲಾಗ ಅವರ ಅಳಿಯ ಪ್ಲಾಟು ಹಾಕಿದ್ದ. ನಾಳೆ ಊರು ಅತ್ತಾಗ ಬೆಳೀತೈತಿ ಅಂತ ಅವಂಗ ಮೊದಲ ಗೊತ್ತಿತ್ತು, ಯೋಜನಾ ಅಂತ ಊರಾಗ ಯಾರರ ಮಾಡಿದ್ರ ಅವ ಒಬ್ಬನ. ಪ್ಲಾಟಿನ ನಡುವ ಗಟಾರ ಬಂದ್ರ ಯಾರು ತಗೋತಾರ?

"ಅಕ್ಕಾರ, ನಕಾಶಿ ಬಿಜಾಪುರದಾಗ ಪಾಸಾಗೇತಿ. ಓಣ್ಯಾಗ ಏನರ ಅಡ್ಡಿ ಐತೇನು?"

"ಐತ್ರಿ. ಓಣ್ಯಾಗ ಹಗೇವು ಅದಾವ."

ಅಲ್ಲಿ ಕುಂತ ಮೆಂಬರ್ ಮಂದಿ ಎಲ್ಲಾರ ಮನ್ಯಾಗೂ ಹಗೇವು ಇದ್ವು, ಅಧ್ಯಕ್ಷರ ಮನ್ಯಾಗ ಎರಡಿದ್ವು. ಒಬ್ಬರೂ ತಲಿ ಎತ್ತಲಿಲ್ಲ. ಅಧ್ಯಕ್ಷರು ನಕ್ಕೋತ ಕೇಳಿದ್ರು.

"ಯಾರ ಹಗೇವ್ರಿ? ಹೆಸರು ಹೇಳ್ರಿ. ಓವರ್ಸೀಯರ್ ಬರಕೊಳ್ಳಲಿ."

ಎಂಥಾ ಮನಷ್ಯಾ! ನಾ ಹೇಳಾಕ ಆಗಂಗಿಲ್ಲ ಅಂತ ತಿಳದ ಕೇಳಿದ್ದ. ಓವರ್ಸೀಯರ್ ಪೆನ್ನು ಹಿಡಕೊಂಡು ನನ್ನ ಮಾರಿ ನೋಡಿದ. ನನ್ನ ಕೈಯಾಗ ಆ ರೊಟ್ಟಿ ಬಿಸಿ ಇನ್ನೂ ಇದ್ದಂಗ ಇತ್ತು.

"ನಮ್ಮದ್ರಿ," ಅಂದೆ. "ನಮ್ಮ ಮನಿದು. ಬರ್ರಿ, ಬಾಯಿ ತಗದು ತೋರಸ್ತೇನಿ."

ನಾ ಒಂದು ಲೆಕ್ಕ ಹಾಕಿದ್ದೆ. ಒಂದು ಹಗೇವು ಕಂಡ್ರ ಸಾಕು, ಓಣಿ ತುಂಬ ಅದಾವ ಅಂತ ಓವರ್ಸೀಯರ್‌ಗಿ ತಾನ ತಿಳೀತೈತಿ, ಗಟಾರ ಹಿಂದ ಹೋಗ್ತೈತಿ. ಮತ್ತೊಬ್ಬರ ಹೆಸರು ಬರೂದ ಬ್ಯಾಡ. ಎಷ್ಟು ಶ್ಯಾಣ್ಯಾಕಿ ನಾನು!

ಮನಿಗಿ ಬಂದು ಹೇಳಿದ ಕೂಡಲೇ ನಮ್ಮ ಅತ್ತಿ ಎದಿ ಎದಿ ಬಡಕೊಂಡ್ರು. "ಗಂಗಾ, ನಮ್ಮ ಅತ್ತಿ ಸಾಯುಮುಂದ ಸೈತ ಹಗೇವಿನ ಮಾತಾಡಲಿಲ್ಲ. ನೀ ಸಭಾದಾಗ ಒದರಿ ಬಂದ್ಯಾ?" ನಮ್ಮ ಮನಿಯವರು, "ಆತು, ತಗಿಸೂಣು. ಅಂದ ಮ್ಯಾಲ ತಗೀಬೇಕು" ಅಂದ್ರು. ಅಷ್ಟರ ಮಟ್ಟಿಗಿ ಅವರು ನನ್ನ ಕಡೆ ನಿಂತ್ರು, ಅದನ್ನ ನಾ ಮರಿಯಂಗಿಲ್ಲ.

ಹಗೇವು ತಗಿಯೂದಂದ್ರ ಮನಿ ಮಟ್ಟಿಗಿ ಒಂದು ಸಣ್ಣ ಹಬ್ಬ. ಕಲ್ಲಿಗಿ ಕುಂಕುಮ ಹಚ್ಚಿ, ಕಾಯಿ ಒಡದು, ಬಾಯಿ ತಗದು ಒಳಗಿನ ಕೆಟ್ಟ ಗಾಳಿ ಹೋಗಾಕ ಬಿಡಬೇಕು. ಆಮ್ಯಾಲ ಕಂದೀಲು ಇಳಿಬಿಟ್ಟು ನೋಡಬೇಕು. ದೀಪ ಆರಿದ್ರ ಯಾರೂ ಇಳಿಯಂಗಿಲ್ಲ. ನಮ್ಮ ಹಗೇವಿನ ಬಾಯಿ ಮೊಟ್ಟಮೊದಲ ಊರ ಮಂದಿ ಎದುರು ತಗದದ್ದು ಆವತ್ತು. ಅತ್ತಿ ಕುಂಕುಮದ ಬಟ್ಟಲ ಮುಟ್ಟಲಿಲ್ಲ, ನಾ ಹಚ್ಚಿದೆ. ಕಂದೀಲು ಇಳೀತು, ದೀಪ ನಿಂತಿತು. ಓವರ್ಸೀಯರ್ ಬಗ್ಗಿ ನೋಡಿ ಬೆರಗಾಗಿ, "ಅಮ್ಮಾ, ಇದು ಒಂದು ಕೋಣೆಯಷ್ಟಿದೆಯಲ್ಲಾ! ರಸ್ತೆ ಅರ್ಧದವರೆಗೂ ಹೋಗಿದೆ" ಅಂದ.

"ಹೌದಪಾ," ಅಂದೆ, "ಈಗ ಗೊತ್ತಾತಿಲ್ಲೋ. ಇಂಥಾವು ಇನ್ನೂ ಎಷ್ಟು ಇರಬಹುದು, ನೀನ ವಿಚಾರ ಮಾಡು."

ಅವ ನಿಂತ ಮಂದಿ ಕಡೆ ಹೊಳ್ಳಿ ಕೇಳಿದ. "ನಿಮ್ಮ ಮನೆಗಳಲ್ಲೂ ಇದೆಯಾ?"

ಎಲ್ಲಾರೂ ನಿಂತಿದ್ರು. ನೀಲವ್ವ ಸೆರಗು ಬಾಯಾಗ ಹಿಡಕೊಂಡು ಬಾಗಿಲದಾಗ ನಿಂತಿದ್ಳು. ಅಷ್ಟೊತ್ತಿಗಿ ಸುದ್ದಿ ಹತ್ತಿ ಲೆವಿ ವಸೂಲಿ ಮಾಡೂ ತಲಾಟಿ ಚೀಲ ತಗೊಂಡು ಓಣಿ ತುದಿಗಿ ಬಂದು ಮುಟ್ಟಿದ್ದ. ಅವನ್ನ ನೋಡಿದ ಮ್ಯಾಲ ಯಾರು ಹೇಳ್ತಾರ? "ಇಲ್ರಿ ಸಾಹೇಬ್ರ, ಅವರದೊಂದ," ಅಂದ್ರು. ಪಂಚರ ಎದುರು ಅದನ್ನ ಬರಕೊಂಡು ಹೆಬ್ಬಟ್ಟು ಒತ್ತಿಸಿದ್ರು. ಒಬ್ಬರೂ ಹಿಂದ ಸರೀಲಿಲ್ಲ, ಸಾಲು ಹಚ್ಚಿ ಒತ್ತಿದ್ರು.

ತಲಾಟಿ ನಮ್ಮ ಜ್ವಾಳದಾಗ ಲೆವಿ ತಗೊಂಡ, ನಾವ ತೋರಿಸಿದ್ದಕ್ಕ ಕೇಸು ಹಾಕದ ಸರಕಾರಿ ದರ ಕೊಟ್ಟ. ಉಳಿದದ್ದು ನಮ್ಮ ಮನ್ಯಾಗ ಉಳೀತು. ಅಂಜಿದಷ್ಟು ದೊಡ್ಡ ಲುಕಸಾನ ಏನೂ ಆಗಲಿಲ್ಲ. ಆದ್ರ ಗಟಾರ? ಅಧ್ಯಕ್ಷರು ನಕಾಶಿ ತರಿಸಿ, "ಅಕ್ಕಾರ ಹಗೇವು ಕಂಡೈತಿ, ಅದನ್ನಷ್ಟ ಬಿಟ್ಟು ಸುತ್ತಹಾಕಿ ತಗೊಂಡು ಹೋಗ್ರಿ. ಉಳಿದ ಕಡೆ ಸೀದಾ" ಅಂದ್ರು. ನಾ ಕೂಗ್ಯಾಡಿದೆ, ಜಗಳಾಡಿದೆ, ಕುರ್ಚಿ ಬಿಟ್ಟು ಎದ್ದು ಬಂದೆ. ಓವರ್ಸೀಯರ್ ನನ್ನ ಹಿಂದ ಬಂದು, "ಅಮ್ಮಾ, ನನಗೂ ಅನುಮಾನ ಇದೆ. ಆದರೆ ಅವರೇ ಇಲ್ಲ ಅಂದ ಮೇಲೆ ನಾನೇನು ಬರೆಯಲಿ?" ಅಂದ. ಅವನ ಮಾತೂ ಸುಳ್ಳಲ್ಲ. ಅದಕ್ಕ ಇನ್ನೂ ಸಿಟ್ಟು ಬಂತು.

ಮಳಿಗಾಲದ ಮೊದಲ ಗಟಾರ ಮುಗೀತು. ಅಗಸಿಯಿಂದ ಸೀದಾ ಬಂದು, ನಮ್ಮ ಮನಿ ಮುಂದ ಸೊಂಟ ಬಳಕಿಸಿ, ಮತ್ತ ಸೀದಾ ಹೋಗೂ ಗಟಾರ. ಅದನ್ನ ನೋಡಿದವರೆಲ್ಲಾ ಏನ ಅಂದ್ರು ಹೇಳ್ರಿ? "ಮೆಂಬರ್‌ಬಾಯಿ ತನ್ನ ಜ್ವಾಳ ಉಳಿಸಿಕೊಂಡ್ಳು." ಅಂಗಡಿ ಮುಂದ ಕುಂತು ಅಂದ್ರು, ನಳದ ಮುಂದ ಕೊಡ ಹಚ್ಚಿ ಅಂದ್ರು. ಎದುರಿನ ಮನಿ ಮುದುಕ ನಮ್ಮ ಮನಿಯವರಿಗಿ, "ಗಟಾರಾನ ಬಗ್ಗಿಸಿದ್ಳಪಾ ನಿನ್ನ ಹೆಂಡ್ತಿ, ನಿನ್ನ ಏನ ಬಿಟ್ಟಾಳು" ಅಂತ ಚ್ಯಾಷ್ಟಿ ಮಾಡಿದ. ಹೋಳಿಗಿ ಉಂಡ ಬಾಯಿಗೋಳ ಅವು. ನನಗ ಅಳು ಬರಲಿಲ್ಲ, ಕೈಯಾಗಿನ ಕೊಡ ಎತ್ತಿ ಒಗೀಬೇಕು ಅನಸ್ತಿತ್ತು.

ಇನ್ನ ಆ ಗಟಾರದ ಕೆಲಸದ ಮಾತು ಬ್ಯಾಡ. ಫರಸಿ ಕಲ್ಲು ಹಾಕಿದ್ರು ಖರೆ, ಸಂದಿಗಿ ಸಿಮೆಂಟು ಮ್ಯಾಲ ಮ್ಯಾಲ ಸವರಿ ಹೋದ್ರು. ಗುತ್ತೇದಾರ ಯಾರು ಅಂತ ಕೇಳಬ್ಯಾಡ್ರಿ. ನಾ ನೋಡಾಕ ಹೋಗಿ ಬಗ್ಗಿ ಬೆರಳಿಲೆ ಕೆದರಿ ತೋರಿಸಿದ್ರ, "ಅಕ್ಕಾರ ನಿಮ್ಮ ಮನಿ ಮುಂದ ಗಟ್ಟಿ ಮಾಡೇವಲ್ರಿ" ಅಂತ ಹಲ್ಲು ಕಿಸದ್ರು.

ಮುಂಗಾರಿನಾಗ ನಮ್ಮ ಕಡೆ ಮಳಿ ಹೇಳಿಕೊಳ್ಳೂವಷ್ಟು ಆಗಂಗಿಲ್ಲ. ಗಟಾರ ಹರೀತು, ರಾಡಿ ಹೋತು, ಗುಂಗಾಡ ಕಡಿಮಿ ಆದವು. ಓಣಿ ಖುಷಿಯಾಗಿತ್ತು. ಬೈದವರೂ ಸುಮ್ಮಾಗಿದ್ರು. ನಾನೂ ದೇವರಿಗಿ ಕೈ ಮುಗದು, ನನ್ನ ಅಂಜಿಕಿ ಸುಳ್ಳಾಗಲಿ ಅಂದೆ. ಆಮ್ಯಾಲ ಹಿಂಗಾರಿನ ಮಳಿ ಬಂತು ನೋಡ್ರಿ. ಉತ್ತರಿ ಮಳಿ, ಹಸ್ತಿ ಮಳಿ, ಬಿಟ್ಟೂಬಿಡದ ಹೊಡೀತು. ಹಳ್ಳ ಏರಿತು, ಗಟಾರದ ನೀರು ಮುಂದ ಹೋಗಾಕ ಹಾದಿ ಇಲ್ಲದ ಹಿಂದಕ್ಕ ನಿಂತಿತು. ನಿಂತ ನೀರು ಸಂದಿ ಹುಡಕೂದು ನಿಮಗ ಗೊತ್ತಿದ್ದದ್ದ. ಹೊಲಕ್ಕ ಮಳಿ ಬಂತು ಅಂತ ಗಂಡಸರು ಕೂರಿಗಿ ಹೂಡೂ ಸಂಭ್ರಮದಾಗಿದ್ರು. ಕೆಳಗೇನ ನಡದೈತಿ ಅಂತ ಯಾರಿಗಿ ಕಾಣಬೇಕು?

ಮೊದಲ ವಾಸನಿ ಬಂತು. ಹುಳಿ ಹುಳಿ, ಹೆಂಡದ ಪೀಪಾಯಿ ಬಾಯಿ ತಗದಂಗ. ಓಣ್ಯಾಗ ಒಬ್ಬರ ಮಾರಿ ಒಬ್ಬರು ನೋಡ್ಕೊಂಡ್ರು, ಬಾಯಿ ಬಿಡಲಿಲ್ಲ. ಆಮ್ಯಾಲ ನೀಲವ್ವನ ಕಟ್ಟಿ ಮುಂದ ನೆಲ ಬೆಚ್ಚಗಾತು. ಬರಿಗಾಲಲೆ ನಿಂತ್ರ ತಿಳೀತಿತ್ತು. ನಡುಮಧ್ಯಾಹ್ನ ಆಕಿ ಗಂಡ ತಡೀಲಾರದ ಕಲ್ಲು ತಗದ. ಕಂದೀಲು ಇಳಿಬಿಟ್ರ ಬಾಯಿ ದಾಟಿದ್ದ ತಡ ಆರಿತು. ಹಗ್ಗಕ್ಕ ಬುಟ್ಟಿ ಕಟ್ಟಿ ಎಳದ್ರ ಕರ್ರಗ, ಉಂಡಿ ಉಂಡಿ, ಹೊಗಿ ಆಡೂ ಜ್ವಾಳ. ಮ್ಯಾಲಿಂದ ಅಷ್ಟ ಇರಬಹುದು ಅಂತ ಮತ್ತ ಬುಟ್ಟಿ ಬಿಟ್ರು. ಮತ್ತೂ ಕರ್ರಗ. ಆಮ್ಯಾಲ ಒಂದೊಂದ ಮನಿ ಕಲ್ಲು ತಗದ್ರು. ಮುಚ್ಚಿಡಾಕ ಇನ್ನ ಏನ ಉಳದಿತ್ತು? ನಮ್ಮ ಹಗೇವೊಂದು ಒಣಗಿತ್ತು.

ನಾ ಸೀರಿ ನೆರಗಿ ಕಟ್ಟಿ ಸೀದಾ ಆಫೀಸಿಗಿ ಹೋದೆ. ರಾಡಿಗಾಲಿಲೆ ಅಧ್ಯಕ್ಷರ ಟೇಬಲ್ ತನ ನಡದು, ಸೆರಗಿನ್ಯಾಗ ಕಟ್ಟಿಕೊಂಡು ಬಂದ ಕೊಳತ ಜ್ವಾಳ ಅವರ ಮುಂದ ಸುರುವಿದೆ. "ನೋಡ್ರಿ! ಓಣಿ ಜ್ವಾಳೆಲ್ಲಾ ಹೋತು. ಗಟಾರ ತಗಿಸ್ರಿ, ಮಂದಿಗಿ ಪರಿಹಾರ ಬರಸಿ ಕೊಡ್ರಿ."

ಅಧ್ಯಕ್ಷರು ಕುರ್ಚಿ ಹಿಂದ ಸರಿಸಿ ಮೂಗು ಮುಚ್ಚಿಕೊಂಡ್ರು. "ಯಾ ಜ್ವಾಳ ಅಕ್ಕಾರ? ಆ ಓಣ್ಯಾಗ ಹಗೇವ ಇಲ್ಲಲ್ಲ. ಪಂಚರ ಮುಂದ ಹೆಬ್ಬಟ್ಟು ಒತ್ತ್ಯಾರ."

"ಒತ್ತ್ಯಾರ್ರಿ, ಅಂಜಿ ಒತ್ತ್ಯಾರ! ನಿಮ್ಮ ಮನ್ಯಾಗೂ ಎರಡು ಅದಾವ, ನಿಮಗ ಗೊತ್ತಿಲ್ಲ?"

"ಅದು ಬ್ಯಾರೆ ಓಣಿ," ಅಂದ್ರು. ಆಮ್ಯಾಲ ದನಿ ಇಳಿಸಿ ಹೇಳಿದ್ರು. "ನೋಡ್ರಿ, ನಾ ಬರದ್ರ ಏನಾಗ್ತೈತಿ? ಇವರು ಲೆವಿ ತಪ್ಪಿಸಿ ಜ್ವಾಳ ಮುಚ್ಚಿಟ್ಟಿದ್ರು ಅಂತ ನಾನ ಬರದಂಗ ಆಗ್ತೈತಿ. ಕೇಸು ಆಗ್ತಾವ. ಬರೀಲೇನು? ನೀವ ಹೇಳ್ರಿ."

ಸುಳ್ಳು ಹೇಳಿದ್ರ ತಗ್ಗಿನ್ಯಾಗ, ಖರೆ ಹೇಳಿದ್ರ ಜೇಲಿನ್ಯಾಗ. ಇದಕ್ಕ ಆಡಳಿತ ಅಂತಾರೇನ್ರಿ? ಕಸಕೊಳ್ಳಾಕ ಬರೂವಾಗ ಸಲಾಕಿ ಹಿಡಕೊಂಡು ಮನಿ ಮೂಲಿ ಮೂಲಿ ಹುಡಕ್ತಾರ, ಕೊಡಾಕ ಬಂದಾಗ ಒಂದು ಮಾತು ಕೇಳಿ ಅದನ್ನ ನಂಬಿ ಹೋಗ್ತಾರ. ಅಷ್ಟ ಸಾಕಾತು ನನಗ ಮುನ್ಸಿಪಾಲ್ಟಿ. ಆ ಟೇಬಲ್ ಮ್ಯಾಲಿನ ಜ್ವಾಳ ಅಲ್ಲೇ ಬಿಟ್ಟು ಬಂದೆ, ಬಳಕೊಳ್ಳಲಿ ಅಂತ.

ಓಣಿಗಿ ಬಂದ್ರ ಹೆಣ್ಮಕ್ಕಳೆಲ್ಲಾ ಚಾಪಿ, ಹಚ್ಚಡ ಹಾಸಿ ಜ್ವಾಳ ಹರವ್ಯಾರ. ತಿನ್ನಾಕ ಬರಂಗಿಲ್ಲ ಅಂತ ಗೊತ್ತು, ದನಕ್ಕರ ಆಗಲಿ ಅಂತ. ದನಾನೂ ಮೂಸಿ ನೋಡಿ ಮಾರಿ ತಿರುವಿದ್ವು. ನೀಲವ್ವ ಅಂಗಳದಾಗ ಕುಂತು ಉಂಡಿ ಒಡ್ಯಾಕತ್ತಿದ್ಳು, ಕೈ ಎಲ್ಲಾ ಕರ್ರಗ. ಆ ವರ್ಷ ಲಗ್ನ ಆಗಂಗಿಲ್ಲ ಅಂತ ಬೀಗರಿಗಿ ಹೇಳಿ ಕಳಿಸಿದ್ರಂತ. ಕಸ್ತೂರಿ ಒಳಗ ಕುಂತಿತ್ತು, ಹೊರಗ ಬರಲಿಲ್ಲ.

ನಾ ಬಾಜೂಕ ಕುಂತು ಒಂದು ಉಂಡಿ ತಗೊಂಡೆ. ಆಫೀಸಿನ್ಯಾಗ ಆದದ್ದು ಹೇಳಿದೆ. ಆಕಿ ಉಂಡಿ ಒಡಕೋತ ಕೇಳಿದ್ಳು. ಆಮ್ಯಾಲ ಕೈ ನಿಲ್ಲಿಸಿ ನನ್ನ ಮಾರಿ ನೋಡಿದ್ಳು.

"ನಿನಗ ಗೊತ್ತಿತ್ತಲ್ಲ ಗಂಗಕ್ಕ, ನಮ್ಮ ಹಗೇವು ಎಲ್ಲೈತಿ ಅಂತ?"

"ಗೊತ್ತಿತ್ತು."

"ನೀರು ಇಳೀತೈತಿ ಅಂತನೂ ಗೊತ್ತಿತ್ತು."

"ಗೊತ್ತಿತ್ತು."

"ಮತ್ತ ಸಭಾದಾಗ ನಿಮ್ಮದೊಂದ ಯಾಕ ಹೇಳಿದಿ? ನಮ್ಮದೂ ಯಾಕ ಹೇಳಲಿಲ್ಲ?"

ನನಗ ಬಂದ ಸಿಟ್ಟಿಗಿ ಕೈಯಾಗಿನ ಉಂಡಿ ಪುಡಿಪುಡಿ ಆತು. "ರೊಟ್ಟಿ ಮುಟ್ಟಿಸಿ ಆಣಿ ಹಾಕಿಸಿದಾಕಿ ನೀನ ಅಲ್ಲೇನ ನೀಲವ್ವ? ಹೇಳಿದ್ರ ಓಣಿಗೆ ಓಣಿನ ನನ್ನ ಹರಕೊಂಡು ತಿಂತಿತ್ತು. ನಾ ಏನ ಮಾಡಬೇಕಿತ್ತು, ಹೇಳು!"

"ಹರಕೊಂಡು ತಿಂತಿದ್ವು, ಖರೆ," ಅಂದ್ಳು ನೀಲವ್ವ. ಸಿಟ್ಟು ಇರಲಿಲ್ಲ ಆಕಿ ದನ್ಯಾಗ. "ನಾನೂ ನಿನ್ನ ಮನಿ ಮುಂದ ನಿಂತು ಮಣ್ಣು ತೂರಿ ಶಾಪ ಹಾಕ್ತಿದ್ದೆ. ಹಾಕಿಸಿಕೊಬೇಕಿತ್ತವಾ. ಅಂಜಿದವರು ನಾವು. ನೀ ಮೆಂಬರ್ ಇದ್ದಿ, ನಮ್ಮ ಕೈಲೆ ಬೈಸಿಕೊಬೇಕಿತ್ತು. ಜ್ವಾಳರ ಉಳೀತಿತ್ತು."